ಹಲ್ಲು ಇಳಿದ ನೆಲ

"ಮೇಲಿನ ಪೊದೆಯನ್ನು ಎಷ್ಟು ಬೇಕಾದರೂ ಸವರಿ. ಅಡಿಗೆ ಮಾತ್ರ ಕಬ್ಬಿಣ ಇಳಿಸಬೇಡಿ."

ಪಂಕಜಾಕ್ಷಿ ಬೇಲಿಯ ಆಚೆ ನಿಂತೇ ಹೇಳಿದಳು. ಪಕ್ಕದ ಮನೆಯವಳಾದರೂ ಈಚೆ ಕಾಲಿಡಲಿಲ್ಲ.

ಹರಿನಾಥ ಟ್ರ್ಯಾಕ್ಟರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಪಿನ್ನು ಕಳಚುತ್ತಿದ್ದ. ಮಸ್ಕತ್ತಿನಲ್ಲಿ ಭಾರೀ ಯಂತ್ರಗಳ ವರ್ಕ್‌ಶಾಪಿನಲ್ಲಿ ದುಡಿದು ಬಂದವನು ಅವನು. ಪ್ಯಾಶನ್ ಫ್ರೂಟ್ ಬೆಳೆಸಬೇಕೆಂದು ಕುಂಬ್ಡಾಜೆಯ ಈ ಗುಡ್ಡದ ಇಳಿಜಾರನ್ನು ಕೊಂಡಿದ್ದ. ನೆಲ ಕಾಣದಷ್ಟು ಲಂಟಾನ, ಕಮ್ಯುನಿಸ್ಟ್ ಗಿಡ, ಮುಳ್ಳುಬಳ್ಳಿ. ನಾಯ್ಮಾರ್ಮೂಲೆಯಲ್ಲಿ ಉಪಕರಣ ಬಾಡಿಗೆಗೆ ಕೊಡುವ ಯೋಗೀಶ್ ಎರಡು ಯಂತ್ರ ಕಳಿಸಿದ್ದ. ಪೊದೆಯನ್ನು ಮೇಲಿಂದ ಕತ್ತರಿಸುವ ಸ್ಲಾಷರ್. ಮಣ್ಣಿಗೆ ಹಲ್ಲೂರಿ ಬೇರುಸಮೇತ ಪುಡಿ ಮಾಡುವ ರೋಟವೇಟರ್. ಸ್ಲಾಷರಿನ ಕೆಲಸ ಮುಗಿದಿತ್ತು. ಸವರಿದ ಜಾಗದ ನಡುವೆ, ಯಾರೋ ಮಲಗಿ ಹೊದ್ದುಕೊಂಡ ಹಾಗೆ, ಒಂದು ದಿಬ್ಬ ಉಳಿದಿತ್ತು.

"ಅಡಿಯಲ್ಲಿ ಎಂತ ಉಂಟು?" ಹರಿನಾಥನ ಹೆಂಡತಿ ಉಜ್ವಲಾ ಕೇಳಿದಳು.

"ಇದು ಒಬ್ಬ ಹೆಂಗಸಿನ ಜಾಗ. ದಾಯಾದಿಗಳು ಅವಳನ್ನು ಎಳೆದು ಹೊರಗೆ ಹಾಕಿದರು. ಹೋಗುವ ಮೊದಲು ತಲೆಗೂದಲು ಕೊಯ್ದು ಮಡಕೆಯಲ್ಲಿ ಹಾಕಿ ಹೂಳಿದಳು. ಮಾಟ ಮಾಡಿಸಿದಳು." ಪಂಕಜಾಕ್ಷಿಯ ದನಿ ತಗ್ಗಿತು. "ನಾವು ಇಲ್ಲಿ ಒಂದು ಗೂಟ ಸಹ ಹೊಡೆಯುವುದಿಲ್ಲ."

ಹರಿನಾಥ ನಕ್ಕುಬಿಟ್ಟ. "ನಿಮ್ಮ ಮಾಟಕ್ಕೆ ಗೇರ್‌ಬಾಕ್ಸ್ ಉಂಟಾ ಅಕ್ಕ? ನನ್ನದಕ್ಕೆ ಉಂಟು."

ಪಂಕಜಾಕ್ಷಿ ಹೊರಟುಹೋದಳು.

"ಸ್ಲಾಷರ್ ಸಾಕಲ್ಲ?" ಉಜ್ವಲಾ ಅಂದಳು. "ಚಿಗುರಿದಾಗೆಲ್ಲ ಸವರುವ. ಬಳ್ಳಿ ನೆಡುವಲ್ಲಿ ಮಾತ್ರ ಗುಂಡಿ ತೋಡಿದರೆ ಆಯ್ತು. ಆ ದಿಬ್ಬವನ್ನು ಬಿಟ್ಟುಬಿಡಿ."

"ಬೇರು ಉಳಿದರೆ ಮಳೆಗಾಲಕ್ಕೆ ಪುನಃ ಕಾಡೇ ಮಾರಾಯ್ತಿ." ಅವನು ರೋಟವೇಟರನ್ನು ಜೋಡಿಸಿ, ಎಂಜಿನ್ನಿನ ತಿರುವನ್ನು ಅದಕ್ಕೆ ದಾಟಿಸುವ ಶಾಫ್ಟನ್ನು ಟಕ್ಕೆಂದು ಕೂರಿಸಿದ. ಉಜ್ವಲಾ ಗೇರುಮರದ ನೆರಳಿಗೆ ಹೋಗಿ ಕೂತಳು.

ಬಿಸಿಲು ನೆತ್ತಿಗೇರಿತ್ತು. ಹಲ್ಲುಗಳು ನೆಲಕ್ಕಿಳಿದವು. ಕೆಂಪು ಮಣ್ಣು ಉಂಡೆಯುಂಡೆಯಾಗಿ ಹಿಂದಕ್ಕೆ ಚಿಮ್ಮಿತು. ಮುರಕಲ್ಲಿನ ಚೂರುಗಳು ತಗಡಿಗೆ ಬಡಿದು ಗಡಗಡ ಸದ್ದೆದ್ದಿತು. ಹರಿದ ಬೇರುಗಳ ಒಗರು ವಾಸನೆ, ಡೀಸೆಲ್ಲಿನ ಹೊಗೆ. ಹರಿನಾಥ ಸಿಳ್ಳೆ ಹಾಕುತ್ತಾ ದಿಬ್ಬದ ಸುತ್ತ ಸುತ್ತಿದ. ಕೊನೆಗೆ ನೇರ ಅದರ ಮೇಲೇ ಹತ್ತಿಸಿದ.

ಏನೋ ಒಡೆಯಿತು. ಮಡಕೆ ಒಡೆದಂಥ ಟೊಳ್ಳು ಸದ್ದು.

ಯಂತ್ರ ನರಳಿತು. ಹಲ್ಲುಗಳನ್ನು ತಿರುಗಿಸುವ ರೋಟರು ಎರಡು ಸಲ ಎಳೆದಾಡಿ ಕಚ್ಚಿಕೊಂಡು ನಿಂತುಬಿಟ್ಟಿತು. ಬಳ್ಳಿ ಸುತ್ತಿರಬೇಕು, ರೋಟವೇಟರಿನಲ್ಲಿ ಇದು ಇದ್ದದ್ದೇ. ಹರಿನಾಥ ಎಂಜಿನ್ನು ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿ, ಸೀಟಿನ ಕೆಳಗಿದ್ದ ಕತ್ತಿ ಹಿಡಿದು ಇಳಿದ. ಆಗಲೇ ಅವನಿಗೆ ಗೊತ್ತಾದದ್ದು: ಗುಡ್ಡದಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಎಲೆಯೂ ಅಲುಗುತ್ತಿಲ್ಲ. ಮಣ್ಣಿನೊಳಗಿಂದ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು. ಹಳಸಿದ್ದಲ್ಲ. ಈಗಷ್ಟೇ ತಲೆಗೆ ತಿಕ್ಕಿದಂಥದ್ದು.

ಅವನು ಬಗ್ಗಿ ಕೈ ಹಾಕಿದ. ಹಲ್ಲುಗಳ ಸುತ್ತ ಕಪ್ಪಗೆ ಏನೋ ಸುತ್ತಿಕೊಂಡಿತ್ತು. ಬಳ್ಳಿಯ ಒರಟುತನ ಅದಕ್ಕಿರಲಿಲ್ಲ. ಮೆದುವಾಗಿತ್ತು. ಜಿಡ್ಡಾಗಿತ್ತು. ಬೆಚ್ಚಗಿತ್ತು.

ಕೂದಲು.

ಕೈ ಹಿಂದಕ್ಕೆಳೆದ. ಬರಲಿಲ್ಲ. ಒಂದೆಳೆ ಮಣಿಕಟ್ಟನ್ನು ಸುತ್ತಿತ್ತು. ನೋಡುತ್ತಿದ್ದಂತೆ ಇನ್ನೊಂದು. ಮತ್ತೊಂದು. ಕತ್ತಿಯಿಂದ ಕೊಯ್ದ. ಅಲುಗು ಎಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು.

ಆರಿಸಿದ ಎಂಜಿನ್ನು ಆರಿಯೇ ಇತ್ತು. ಕೀಲಿ ಜೇಬಿನಲ್ಲೇ ಇತ್ತು.

ಶಾಫ್ಟು ತಿರುಗಿತು.

ನಿಧಾನಕ್ಕೆ. ಯಾರೋ ಜಡೆ ಹೆಣೆಯುವಷ್ಟು ನಿಧಾನಕ್ಕೆ. ಒಂದು ಸುತ್ತು. ಅವನ ಬೆರಳುಗಳು ಹಲ್ಲಿನ ಸಂದಿಗೆ ಹೋದವು. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು.

"ಉಜ್ವಲಾ!"

ಅವಳು ಓಡಿ ಬಂದಳು. ಏನಾಗಿದೆಯೆಂದು ಕೇಳಲಿಲ್ಲ. ಮೊಣಕಾಲೂರಿ ಅವನ ತೋಳು ಹಿಡಿದು ಜಗ್ಗಿದಳು. ಬಗ್ಗಿದ ರಭಸಕ್ಕೆ ಅವಳ ಜಡೆ ಹೆಗಲಿನಿಂದ ಜಾರಿ ರೋಟರಿನ ಮೇಲೆ ಬಿತ್ತು.

ಹರಿನಾಥನ ಕೈ ಸಡಿಲವಾಯಿತು. ಕಪ್ಪು ಎಳೆಗಳು ಅವನನ್ನು ಬಿಟ್ಟು ಜಡೆಗೆ ಹೆಣೆದುಕೊಂಡವು.

ಶಾಫ್ಟಿನ ವೇಗ ಏರಿತು. ಉಜ್ವಲಾಳ ತಲೆ ಹಲ್ಲುಗಳ ಕಡೆಗೆ ಜಾರಿತು. ನಡುವೆ ಉಳಿದದ್ದು ಒಂದು ಮೊಳ. ಆಮೇಲೆ ಒಂದು ಗೇಣು. ಹರಿನಾಥ ಎಡಗೈಯಲ್ಲಿ ಕತ್ತಿ ತಡಕಿದ. ಸಿಕ್ಕಿತು. ಅವಳ ಕುತ್ತಿಗೆಗೆ ತಾಗಿಯೂ ತಾಗದ ಹಾಗೆ ಜಡೆಯ ಬುಡಕ್ಕೆ ಬೀಸಿದ. ಮತ್ತೆ ಬೀಸಿದ. ತುಂಡಾಯಿತು.

ಜಡೆ ಒಳಗೆ ಹೋಯಿತು. ಶಾಫ್ಟು ನಿಂತಿತು. ಎಲ್ಲೋ ದೂರದಲ್ಲಿ ಒಂದು ಕಾಗೆ ಕೂಗಿತು.

ಕೂಗು ಕೇಳಿ ಬಂದ ಪಂಕಜಾಕ್ಷಿ ಬೇಲಿಯ ಬಳಿಯೇ ನಿಂತಿದ್ದಳು. ಅವಳು ಹರಿನಾಥನ ರಕ್ತದ ಕೈಯನ್ನು ನೋಡಲಿಲ್ಲ. ಉಜ್ವಲಾಳ ಬೋಳು ಕುತ್ತಿಗೆಯನ್ನು ನೋಡುತ್ತಿದ್ದಳು.

"ಅವಳಿಗೆ ಜಡೆ ಕೊಟ್ಟುಬಿಟ್ಟಿರಾ?" ಎಂದಳು.

ಕಾಸರಗೋಡಿನ ಆಸ್ಪತ್ರೆಯಲ್ಲಿ ಹರಿನಾಥನ ಮೂರು ಬೆರಳು ತೆಗೆದರು. ಯಂತ್ರವನ್ನು ಒಯ್ಯಲು ಬಂದ ಯೋಗೀಶ್ ಫೋನು ಮಾಡಿದ. "ನಿಮಗೆಂತ ಭ್ರಮೆಯಾ? ರೋಟರಿನಲ್ಲಿ ಒಂದು ಕೂದಲೂ ಇಲ್ಲ. ತೊಳೆದು ಇಟ್ಟ ಹಾಗೆ ಉಂಟು."

ಆ ಜಾಗಕ್ಕೆ ಅವರು ಮತ್ತೆ ಹೋಗಲಿಲ್ಲ. ಕುಂಬಳೆಯಲ್ಲಿ ಬಾಡಿಗೆ ಮನೆ ಹಿಡಿದರು. ಉಜ್ವಲಾ ಕೆಲಸ ಮಾಡುತ್ತಿದ್ದಳು, ಉಣ್ಣುತ್ತಿದ್ದಳು, ಮಾತು ಮಾತ್ರ ಕಡಿಮೆಯಾಗಿತ್ತು. ಹೆದರಿದ್ದಾಳೆ, ಸರಿಹೋಗುತ್ತದೆ ಎಂದುಕೊಂಡ ಹರಿನಾಥ. ಕೂದಲು ಮತ್ತೆ ಉದ್ದವಾಗತೊಡಗಿದಾಗ ಅವನಿಗೆ ಸಮಾಧಾನವಾಯಿತು.

ಅದು ಬೇಗ ಬೆಳೆಯಿತು. ಭುಜ ದಾಟಿತು. ಸೊಂಟ ಮುಟ್ಟಿತು. ಉಜ್ವಲಾಳದ್ದು ಕೆಂಚು ಬಣ್ಣದ ಗುಂಗುರು ಕೂದಲು. ಇದು ನೇರವಾಗಿತ್ತು, ಕಡುಗಪ್ಪಾಗಿತ್ತು. ಒಂದು ಬೆಳಿಗ್ಗೆ ಅವನು ಕಿಟಕಿ ತೆರೆದಾಗ ಅದು ಮಂಚದಿಂದಿಳಿದು ನೆಲದ ಮೇಲೆ ಹರಡಿಕೊಂಡಿತ್ತು. ಕೋಣೆಯ ತುಂಬ ಹಸಿ ಮಣ್ಣಿನ ವಾಸನೆ.

ಅವನು ಕತ್ತರಿ ತಂದ. ಉಜ್ವಲಾ ಎದ್ದು ಕೂತಳು. ಉಳಿದ ಬೆರಳುಗಳಲ್ಲಿ ಒಂದು ಎಳೆ ಹಿಡಿದು ಕತ್ತರಿಸಿದ.

ತುದಿಯಿಂದ ರಕ್ತ ಒಸರಿತು. ಒಂದು ಹನಿ. ಇನ್ನೊಂದು.

ಉಜ್ವಲಾ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು.

"ಸಾಕು," ಎಂದಳು ಮೆಲ್ಲಗೆ. "ಅವಳಿಗೆ ನೋಯ್ತದೆ."