ಹನ್ನೊಂದನೇ ಪುಟದ ಸೊನ್ನೆ

ಆ ಕಾಮಿಕ್ಸ್ ಕಟ್ಟು ಇವತ್ತಿಗೂ ನಮ್ಮ ಬೀರುವಿನಲ್ಲಿದೆ. ನಂಬದವರು ಬಂದು ನೋಡಬಹುದು.

ಓದಿದ್ದನ್ನೇ ಮತ್ತೆ ಬಾಡಿಗೆಗೆ ತರಬಾರದೆಂದು ನಂಜನಗೂಡಿನ ಲೈಬ್ರರಿಯ ಪುಸ್ತಕಗಳಿಗೆ ಎಲ್ಲರೂ ಕದ್ದು ಗುರುತು ಹಾಕುತ್ತಿದ್ದೆವು. ಹನ್ನೊಂದನೇ ಪುಟದಲ್ಲಿ ಕೋಮಲಕ್ಕನದು ಹಸಿರು ಇಂಕಿನ ನಕ್ಷತ್ರ, ನನ್ನದು ಪೆನ್ಸಿಲ್ಲಿನ ಸೊನ್ನೆ. ನಮಗೆ ‘ಸಿಡಿಲಣ್ಣ’ ಎಂದರೆ ಪ್ರಾಣ. ಅದರಲ್ಲಿ ಎರಡು ಲೋಕ. ಒಂದರಲ್ಲಿ ಸಿಡಿಲಣ್ಣ ಬದುಕಿದ್ದ. ಇನ್ನೊಂದರಲ್ಲಿ ಅವನು ಸತ್ತು, ಅವನ ಅಕ್ಕ ಅದೇ ಮುಖವಾಡ ತೊಟ್ಟು ಹಾರುತ್ತಿದ್ದಳು.

“ಆ ಲೋಕ್ದಲ್ಲಿ ನಾನೇ ಫಸ್ಟ್ ಓದದು, ಕೊಡ್ಲಾ!” ಎಂದು ಅಕ್ಕ ಹೊಸ ಸಂಚಿಕೆಯನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

ತೊಂಬತ್ತಾರರಲ್ಲಿ ಇಬ್ಬರಿಗೂ ಮೆದುಳು ಜ್ವರ ಬಂತು. ನಾನು ಉಳಿದೆ, ಅಕ್ಕ ಉಳಿಯಲಿಲ್ಲ. ಮುಂದಿನ ಸಂಚಿಕೆಗಳನ್ನೆಲ್ಲ ಒಬ್ಬನೇ ಓದಿ ಸೊನ್ನೆ ಹಾಕಿದೆ.

ಒಂಬತ್ತು ವರ್ಷದ ಮೇಲೆ ತಿ. ನರಸೀಪುರದ ಹಳೇ ಪೇಪರ್ ಅಂಗಡಿಯಲ್ಲಿ, ಅದೇ ಲೈಬ್ರರಿಯ ಸೀಲಿದ್ದ ಸಿಡಿಲಣ್ಣನ ಕಟ್ಟು ಸಿಕ್ಕಿತು. ಏಪ್ರಿಲ್ ಮಧ್ಯಾಹ್ನದಲ್ಲೂ ಅದು ನೀರಿನ ಮಡಕೆಯಂತೆ ತಣ್ಣಗಿತ್ತು.

“ಬೆಳಗ್ನಿಂದ ಬಿಸ್ಲಲ್ಲೇ ಬಿದ್ದಿತ್ತಲ್ಲ ಸಾ!” ಎಂದು ಅಂಗಡಿಯವನೂ ಕೈ ಹಿಂದೆಳೆದುಕೊಂಡ.

ಜ್ವರದ ನಂತರದ ಸಂಚಿಕೆಗಳ ಹನ್ನೊಂದನೇ ಪುಟ ಬಿಡಿಸಿ ನೋಡಿದೆ. ನನ್ನ ಪೆನ್ಸಿಲ್ ಗುರುತು ಒಂದರಲ್ಲೂ ಇರಲಿಲ್ಲ. ಪ್ರತಿಯೊಂದರಲ್ಲೂ ಹಸಿರು ನಕ್ಷತ್ರವಿತ್ತು. ಅದರ ಪಕ್ಕದಲ್ಲೇ, ಅದೇ ಹಸಿರು ಇಂಕಿನಲ್ಲಿ, ಒಂದು ಸೊನ್ನೆ.