ಧರ್ಮತಾಯಿಯ ಅಳತೆ

"ಅದನ್ನ ಮೈಮೇಲೆ ಹಾಕ್ಕೋಬೇಡ ಮಗಳೇ. ತೆಗಿ. ಈಗ್ಲೇ ತೆಗಿ."

ದೋನ್ ಸೆವೆರೋ ಬಾಗಿಲಲ್ಲೇ ನಿಂತಿದ್ದ, ಒಳಗೆ ಕಾಲಿಡಲಿಲ್ಲ. ಪಕ್ಕದ ಅಂಗಡಿಯಲ್ಲಿ ತಗಡು ಬಡಿದು ದೆವ್ವದ ಮುಖವಾಡ ಮಾಡುವ ಮುದುಕ ಅವನು. ಕೆನ್ನೆಯೊಳಗೆ ಕೋಕಾ ಎಲೆಯ ಉಂಡೆ, ಕೈಗೆಲ್ಲ ಬಣ್ಣ. ಅವನ ಕಣ್ಣು ಮಾಗಲಿಯ ಮುಖದ ಮೇಲಿರಲಿಲ್ಲ. ಅವಳು ಉಟ್ಟಿದ್ದ ಲಂಗದ ಮೇಲಿತ್ತು.

ಮಾಗಲಿ ಬೇಕೆಂದೇ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಕೆಂಪು ರೇಷ್ಮೆಯ ಮೇಲಿನ ಜರಿಯ ಹಾವುಗಳು, ಚಮಕಿಯ ಹಲ್ಲಿಗಳು ಒಮ್ಮೆಲೇ ಹೊರಳಿ ಮಿಂಚಿದವು. ಒರೂರೋ ಪಟ್ಟಣದ ಕಾರ್ನಿವಲ್ಲಿನಲ್ಲಿ, ಗಣಿಯವರು ಮಾವ ಎಂದು ಕರೆಯುವ ಸುಪಾಯ್ ಎಂಬ ದೆವ್ವದ ಹೆಂಡತಿಯಾಗಿ ಕುಣಿಯುವವಳ ವೇಷ ಅದು.

"ಯಾಕೆ ಅಜ್ಜಾ, ದೆವ್ವ ನನ್ನ ನೋಡಿ ಮದ್ವೆ ಆಗ್ಬಿಡ್ತಾನಾ? ಆಗ್ಲಿ ಬಿಡಿ. ಬಿಟ್ಟು ಬಂದ ಗಂಡನಿಗಿಂತ ಇವನೇ ವಾಸಿ ಇರ್ಬೋದು."

"ನಗಬೇಡ. ವೇಷ ಹೊಲಿದೋರು ವೇಷ ಹಾಕ್ಕೋಬಾರದು. ಮೊದಲು ಯಾರ ಮೈಬಿಸಿ ಅದಕ್ಕೆ ತಾಗುತ್ತೋ, ಗಣಿಯ ಮಾವ ಅವರನ್ನೇ ತನ್ನೋರು ಅಂದ್ಕೋತಾನೆ. ಮರದ ಬೊಂಬೆ ಇರೋದು ಮತ್ಯಾಕೆ?"

"ಬೊಂಬೆಗೆ ನನ್ನಷ್ಟು ಸೊಂಟ ಇಲ್ವಲ್ಲ ಅಜ್ಜಾ!"

ಮೆಷಿನ್ನಿನ ಹಿಂದೆ ಕೂತಿದ್ದ ಹಸಿಂತಾ ತುಟಿಯ ನಡುವಿನ ಗುಂಡುಸೂಜಿಗಳನ್ನು ತೆಗೆದು ನಕ್ಕಳು. "ಬಿಡಿ ದೋನ್ ಸೆವೆರೋ. ಇವಳು ಸಾಂತಾ ಕ್ರೂಸ್ ಕಡೆಯೋಳು, ಸೆಕೆನಾಡಿನ ಹೆಂಗ್ಸು. ಇವಳಿಗೂ ನಮ್ಮ ಮಾವನಿಗೂ ಪರಿಚಯ ಇಲ್ಲ."

ಮುದುಕ ಹಸಿಂತಾಳನ್ನೇ ದಿಟ್ಟಿಸಿದ.

"ಅವಳಿಗಿಲ್ಲ. ನಿನಗಿದೆಯಲ್ಲ?"

ಹಸಿಂತಾ ಗುಂಡುಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಮುದುಕ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಮಾವನ ಪಾಲೆಂದು ಹೊಸ್ತಿಲಿನ ಮೇಲೆ ನಾಲ್ಕು ಹನಿ ಸಾರಾಯಿ ಚೆಲ್ಲಿ ಹೊರಟುಹೋದ. ಆ ಘಾಟು ಬಹಳ ಹೊತ್ತು ಅಂಗಡಿಯಲ್ಲೇ ನಿಂತಿತ್ತು.

ಮಾಗಲಿ ಮತ್ತು ಹಸಿಂತಾ ಹಳೆಯ ಗೆಳತಿಯರು. ಹಸಿಂತಾಳ ಗಂಡ ಕೆಲಸ ಹುಡುಕಿಕೊಂಡು ಸಾಂತಾ ಕ್ರೂಸಿಗೆ ಬಂದಾಗ ಅವಳು ಮಾಗಲಿಯ ಮಗ್ಗುಲಲ್ಲೇ ಕೂತು ಮದುವೆಯ ಗೌನು ಹೊಲಿಯುತ್ತಿದ್ದವಳು. ಹಸಿಂತಾಳ ಮಗಳು ಅರ್ಮಿಂದಾ, ಎಲ್ಲರ ಅರ್ಮಿ, ಹುಟ್ಟಿದ್ದು ಅಲ್ಲೇ. ಜ್ಞಾನಸ್ನಾನದ ದಿನ ಮಗುವನ್ನು ಪಾದ್ರಿಯ ಮುಂದೆ ಎತ್ತಿ ಹಿಡಿದ ಧರ್ಮತಾಯಿ ಮಾಗಲಿಯೇ. ಅಂದು ಮಗು ತೊಟ್ಟಿದ್ದ ಬಿಳಿ ಲೇಸಿನ ಅಂಗಿ ಹೊಲಿದವಳೂ ಅವಳೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ತಾಯಿಯೂ ಧರ್ಮತಾಯಿಯೂ ಪರಸ್ಪರ ಕೊಮಾದ್ರೆ.

ಆಮೇಲೆ ಹಸಿಂತಾ ಊರಿಗೆ ಮರಳಿದಳು. ಗಂಡ ಗಣಿಗೆ ಇಳಿದ, ಒಂದು ದಿನ ಮೇಲೆ ಬರಲಿಲ್ಲ. ಮಾಗಲಿಯ ಸಂಸಾರವೂ ಮುರಿದುಬಿದ್ದ ಹೊತ್ತಿಗೆ ಹಸಿಂತಾಳ ಫೋನು ಬಂತು. "ಬಾ ಕೊಮಾದ್ರೆ. ಇಲ್ಲಿ ವರ್ಷಪೂರ್ತಿ ವೇಷ ಹೊಲಿಯೋ ಕೆಲಸ. ನಾವಿಬ್ರೇ ಒಂದು ಅಂಗಡಿ ಹಾಕೋಣ. ನಿನ್ ಮಗಳು ನಿನ್ನ ಕೇಳ್ತಾ ಇರ್ತಾಳೆ." ಜಗತ್ತಿನಲ್ಲಿ ತನ್ನನ್ನು ಕೇಳುವ ಒಂದು ಜೀವ ಇದೆ ಎಂಬ ಒಂದೇ ಮಾತಿಗೆ ಮಾಗಲಿ ಮೆಷಿನ್ನನ್ನು ಕಂಬಳಿಯಲ್ಲಿ ಸುತ್ತಿ ಬಸ್ಸು ಹತ್ತಿದ್ದಳು.

ಬಂದು ನೋಡಿದರೆ ಮಗು ಹಾಸಿಗೆ ಹಿಡಿದಿತ್ತು. ಅಂಗಡಿಗೆ ಅಂಟಿದ ಕೋಣೆಯಲ್ಲಿ, ಮೂರು ಕಂಬಳಿಗಳ ಅಡಿಯಲ್ಲಿ, ಗುಬ್ಬಿಯ ಮೂಳೆಯಷ್ಟು ತೆಳ್ಳಗೆ ಮಲಗಿತ್ತು. ಲಾ ಪಾಸಿನ ವೈದ್ಯರಿಗೂ ರೋಗ ಗೊತ್ತಾಗಲಿಲ್ಲ. ಗಣಿಯ ಬಾಯಲ್ಲಿ ಕೊಂಬಿನ ಮಾವನ ಮಣ್ಣಿನ ಮೂರ್ತಿಯ ಕಾಲ ಬಳಿ ಯಾರೋ ಇಟ್ಟಿದ್ದ ಸಕ್ಕರೆ ಮಿಠಾಯಿಯನ್ನು ಅರ್ಮಿ ಎತ್ತಿ ತಿಂದಿದ್ದಳೆಂದೂ ಅಂದಿನಿಂದ ಮಾವ ಅವಳನ್ನು ಒಳಗಿನಿಂದ ತಿನ್ನುತ್ತಿದ್ದಾನೆಂದೂ ಬೀದಿಯವರು ಪಿಸುಗುಟ್ಟುತ್ತಿದ್ದರು. ಮಾಗಲಿಗೆ ಅದನ್ನು ಕೇಳಿ ಸಿಟ್ಟು ಬಂದಿತ್ತು. ಮಿಠಾಯಿ ತಿಂದ ಮಗುವನ್ನು ಯಾವ ದೆವ್ವ ತಿನ್ನುತ್ತದೆ?

ದೆವ್ವದ ಹೆಂಡತಿಯ ವೇಷಕ್ಕೆ ಹೇಳಿಕಳಿಸಿದವಳು ದೂರದ ಗಣಿಯೂರಿನವಳಂತೆ. ಅಂಗಡಿಗೆ ಒಮ್ಮೆಯೂ ಬಂದಿರಲಿಲ್ಲ. "ಥೇಟ್ ನಿನ್ ಮೈಕಟ್ಟೇ ಕೊಮಾದ್ರೆ. ನಿನ್ ಮೇಲೇ ಹಾಕಿ ನೋಡಿದ್ರೆ ಸಾಕು," ಎಂದಿದ್ದಳು ಹಸಿಂತಾ. ಹೊರಗಿನ ಕಸೂತಿಯೆಲ್ಲ ಮಾಗಲಿಯದು. ಲೈನಿಂಗನ್ನು ಮಾತ್ರ ಹಸಿಂತಾ ಯಾರಿಗೂ ಮುಟ್ಟಗೊಡದೆ ತಾನೇ ಹೊಲಿದಳು.

ಲಂಗ ಉಟ್ಟ ಪ್ರತಿ ಸಲವೂ ಒಂದು ವಾಸನೆ ಏಳುತ್ತಿತ್ತು. ಸುಟ್ಟ ಉಣ್ಣೆ, ಹಳಸಿದ ಕೊಬ್ಬು, ಅದರಡಿಯಲ್ಲಿ ಬಿಸಿಲನ್ನೇ ಕಾಣದ ಒದ್ದೆ ಕಲ್ಲಿನ ತಣ್ಣನೆಯ ವಾಸನೆ. ಬಿಚ್ಚಿಟ್ಟ ಮೇಲೂ ಅದು ಅವಳ ಕೂದಲಲ್ಲಿ ಉಳಿಯುತ್ತಿತ್ತು. ಸೊಂಟದ ಸುತ್ತ, ಹೊಲಿಗೆ ತಾಗಿದ ಕಡೆಯಲ್ಲೆಲ್ಲ ಚರ್ಮದ ಮೇಲೆ ನೇರಳೆ ಚುಕ್ಕೆಗಳ ಸಾಲು ಮೂಡಿತು. ಯಾರೋ ಒಳಗಿನಿಂದ ಸೂಜಿಯಲ್ಲಿ ಹೊಲಿದಂತೆ. ಕೆಮ್ಮು ಹಿಡಿಯಿತು. ಉಗುಳಿದರೆ ಗಣಿಯವರಂತೆ ಕಪ್ಪು.

"ಎತ್ತರದ ಊರು. ನಿನಗೆ ಗಾಳಿ ಒಗ್ಗಿಲ್ಲ ಅಷ್ಟೇ," ಎಂದು ಹಸಿಂತಾ ಕೋಕಾ ಕಷಾಯ ಕಾಸಿ ಕೊಟ್ಟಳು. ಕೊಡುವಾಗ ಮಾಗಲಿಯ ಮುಖ ನೋಡಲಿಲ್ಲ.

ಆದರೆ ಅರ್ಮಿ ಚೇತರಿಸಿಕೊಳ್ಳತೊಡಗಿದ್ದಳು! ಮೊದಲು ಎದ್ದು ಕೂತಳು. ಆಮೇಲೆ ಕೀನ್ವಾ ಗಂಜಿ ಕೇಳಿದಳು. ಮಾಗಲಿ ಚಮಚದಲ್ಲಿ ಉಣಿಸುತ್ತಿದ್ದರೆ ಮಗು ಅವಳ ಬೆರಳನ್ನು ಹಿಡಿದು, "ಮಾದ್ರೀನಾ, ನಿನ್ ಕೈ ಯಾಕೆ ಇಷ್ಟು ತಣ್ಣಗಿದೆ?" ಎಂದು ಕೇಳಿತು. ಮಾದ್ರೀನಾ ಎನಿಸಿಕೊಂಡ ಧರ್ಮತಾಯಿ ನಕ್ಕಳು. ಆ ದಿನ ಅವಳಿಗೆ ಕೆಮ್ಮೂ ಕಾಣಲಿಲ್ಲ, ಚುಕ್ಕೆಗಳೂ ಕಾಣಲಿಲ್ಲ.

ಕಾರ್ನಿವಲ್ ಹತ್ತಿರವಾದ ಒಂದು ಮಧ್ಯಾಹ್ನ ಹಸಿಂತಾ ಅಂದಳು, "ನಾಳೆ ಅವಳು ಬರ್ತಾಳೆ. ಮುಖವಾಡ ಸಮೇತ ಪೂರ್ತಿ ಒಂದ್ಸಲ ಹಾಕಿ ನೋಡ್ಬಿಡೋಣ."

ಹಿಂದಿನ ಬಟ್ಟೆ ದಾಸ್ತಾನಿನ ಕೋಣೆಗೆ ಕಿಟಕಿ ಇರಲಿಲ್ಲ. ದೊಡ್ಡ ಕನ್ನಡಿ ಅಲ್ಲಿತ್ತು. ಮಾಗಲಿ ಲಂಗ ಉಟ್ಟಳು, ಕುಪ್ಪಸ ತೊಟ್ಟಳು, ಭಾರದ ಮೇಲುಹೊದಿಕೆ ಹೊದ್ದಳು.

"ಹುಕ್ಕು ಹಾಕಿಲ್ವಲ್ಲ ಕೊಮಾದ್ರೆ?"

"ಆಮೇಲೆ ಹಾಕ್ತೀನಿ. ಈಗ ಎರಡು ಹೊಲಿಗೆ ಹಾಕ್ಬಿಡ್ತೀನಿ, ಅಲ್ಲಾಡ್ಬೇಡ."

ಎರಡಲ್ಲ, ಬೆನ್ನುದ್ದಕ್ಕೂ ಹೊಲಿದಳು. ಕೊನೆಯ ಹೊಲಿಗೆಯಲ್ಲಿ ಸೂಜಿ ಕುತ್ತಿಗೆಗೆ ಚುಚ್ಚಿತು. ಬಿಸಿ ರಕ್ತದ ಒಂದು ಹನಿ ಬೆನ್ನಿಗಿಳಿಯಿತು. ಹಸಿಂತಾ ಕ್ಷಮೆ ಕೇಳಲಿಲ್ಲ. ಹಿಂದಿನಿಂದಲೇ ಮುಖವಾಡ ತೊಡಿಸಿ ಪಟ್ಟಿ ಬಿಗಿದಳು. ಹೆಜ್ಜೆಗಳು ಹೊರಗೆ ಹೋದವು. ಅಗುಳಿ ಬಿತ್ತು.

"ಕೊಮಾದ್ರೆ?"

ಮೇಲೆ ತಗಡಿನ ಮಾಡಿಗೆ ಆಲಿಕಲ್ಲು ಬಡಿಯತೊಡಗಿತು. ದೀಪ ಒಮ್ಮೆ ಮಿಣುಕಿ ಆರಿಹೋಯಿತು.

ಕತ್ತಲು. ಮುಖವಾಡದೊಳಗೆ ಇನ್ನೂ ಕಗ್ಗತ್ತಲು. ಬಣ್ಣದ ವಾಸನೆ, ತಗಡಿನ ವಾಸನೆ, ತನ್ನದೇ ಉಸಿರು. ಮಾಗಲಿ ಉಸಿರು ಬಿಗಿಹಿಡಿದಳು.

ಉಸಿರು ನಿಲ್ಲಲಿಲ್ಲ.

ಮುಖವಾಡದೊಳಗೆ ಇನ್ಯಾರೋ ಉಸಿರಾಡುತ್ತಿದ್ದರು. ನಿಧಾನವಾಗಿ. ಒದ್ದೆ ಕಲ್ಲಿನ ತಂಪು ಅವಳ ತುಟಿಗೆ ತಾಗಿತು. ಚೀರಲು ಬಾಯಿ ತೆರೆದಳು. ಬಾಯಿ ತುಂಬ ಧೂಳು. ಪಟ್ಟಿ ಎಳೆದಳು. ಬರಲಿಲ್ಲ. ಲಂಗ ತಾನಾಗಿ ಬೀಸಿತು. ಕಾಲು ಎದ್ದಿತು. ಅವಳು ಎತ್ತಿರಲಿಲ್ಲ. ಕಾಲು ಕುಣಿಯುತ್ತಿತ್ತು! ಸೊಂಟ ಬಿಗಿಯಿತು. ಇನ್ನೂ ಬಿಗಿಯಿತು. ಹೊಲಿಗೆಗಳು ಚರ್ಮದೊಳಗೆ ಇಳಿದವು. ಒಂದೊಂದಾಗಿ. ಇರುವೆ ಕಚ್ಚಿದಂತೆ.

ಕುಣಿಯುತ್ತಲೇ ಗೋಡೆಗೆ ಬಡಿದಳು. ಕಪಾಟಿನ ಮೇಲೆ ಕೈ ಆಡಿಸಿದಳು. ಬಟ್ಟೆ. ಬಟ್ಟೆ. ಕತ್ತರಿ!

ಲಂಗದ ಮಡಿಕೆ ಸೀಳಿದಳು. ಲೈನಿಂಗ್ ಹರಿದು ಒಳಗಿನದು ಕೈಗೆ ಬಂತು. ಕತ್ತಲಲ್ಲಿ ಹೊಲಿಗೆಯವಳ ಬೆರಳಿಗೆ ಕಣ್ಣು ಬೇಕಿಲ್ಲ. ಸೊಂಟದ ಸುತ್ತ ಸುರುಳಿ ಸುತ್ತಿದ ಉಣ್ಣೆನೂಲು, ತಿರುವು ಎಡಕ್ಕೆ. ಮಾಟದವರು ಹಾಗೆ ಎಡಕ್ಕೆ ನೂಲುತ್ತಾರೆಂದು ಬೀದಿಯಲ್ಲಿ ಕೇಳಿ ಅವಳು ನಕ್ಕಿದ್ದಳು. ಗಂಟುಗಂಟಿಗೂ ಕೂದಲು, ಅವಳದೇ ಗುಂಗುರು ಕೂದಲು. ಕೂದಲಿನ ಜೊತೆ ಬಿಗಿದದ್ದು ಒಂದು ಚೂರು ಲೇಸು. ಆ ಲೇಸಿನ ಹೂವು ಅವಳಿಗೆ ಗೊತ್ತಿತ್ತು. ಅರ್ಮಿಯ ಜ್ಞಾನಸ್ನಾನದ ಅಂಗಿ.

ಎಲ್ಲಕ್ಕಿಂತ ಆಗ ಅವಳ ಎದೆ ಒಡೆಯಿತು. ದೆವ್ವಕ್ಕಲ್ಲ.

"ಹಸಿಂತಾ!" ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಹೆಸರು ಹಿಡಿದು ಕೂಗಿದಳು. "ಏನೇ ಮಾಡ್ದೆ? ನನಗೇನೇ ಮಾಡ್ದೆ?"

ಬಾಗಿಲಿನ ಆಚೆ, ತೀರ ಹತ್ತಿರದಲ್ಲಿ, ಅಳು ಕೇಳಿಸಿತು.

"ಅರ್ಮಿ ಬದಲು ಅಂತ ಇಂಥದೇ ಒಂದು ವೇಷ ನಾನೇ ಮೊದಲು ಹಾಕ್ಕೊಂಡೆ ಕಣೇ. ದೇವರಾಣೆ ನಾನೇ ಹಾಕ್ಕೊಂಡೆ. ಹೆತ್ತೋಳು ಬೇಡ್ವಂತೆ ಅವನಿಗೆ. ಜ್ಞಾನಸ್ನಾನದಲ್ಲಿ ಮಗುನ ಎತ್ತಿ ಹಿಡಿದ ಕೈ ಬೇಕಂತೆ. ನೀನು ಪಾದ್ರಿ ಮುಂದೆ ಮಾತು ಕೊಟ್ಟಿದ್ದೆ. ತಾಯಿ ಜಾಗದಲ್ಲಿ ನಿಲ್ತೀನಿ ಅಂದಿದ್ದೆ."

"ಅದಕ್ಕೇ ಕರೆಸ್ಕೊಂಡ್ಯಾ? ಅಂಗಡಿ, ಜೊತೆ, ಮಗಳು ಕೇಳ್ತಾಳೆ ಅಂದಿದ್ದು... ಎಲ್ಲಾ ಅದಕ್ಕೇನಾ?"

ಸೊಂಟದ ನೂಲು ಇನ್ನೊಂದು ಸುತ್ತು ಬಿಗಿಯಿತು. ಮಾಗಲಿ ಕತ್ತರಿಯ ಬಾಯನ್ನು ಅದರಡಿಗೆ ತೂರಿಸಿದಳು. ಮೊದಲ ಎಳೆ ಕಟ್ಟೆಂದಿತು.

ಮಗ್ಗುಲ ಕೋಣೆಯಲ್ಲಿ ಅರ್ಮಿ ಕೆಮ್ಮಿದಳು.

"ಕತ್ತರಿಸ್ಬೇಡ!" ಹಸಿಂತಾ ಬಾಗಿಲಿಗೆ ತಲೆ ಚಚ್ಚಿಕೊಂಡಳು. "ಕತ್ತರಿಸಿದ್ರೆ ಅವಳ ಮೇಲೇ ತಿರುಗುತ್ತೆ. ಕೊಮಾದ್ರೆ, ನಿನ್ ಕಾಲಿಗೆ ಬೀಳ್ತೀನಿ. ಅವಳು ಇವತ್ತು ಬ್ರೆಡ್ಡು ತಿಂದ್ಲು ಕಣೇ!"

ಮಾಗಲಿಗೆ ಕೇಳಿಸಿತು. ಆಲಿಕಲ್ಲಿನ ಸದ್ದಿಗೆ ಕೇಳಿಸಲಿಲ್ಲವೆಂದು ಮುಂದೆ ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ಕೇಳಿಸಿತು, ಅರ್ಥವೂ ಆಯಿತು. ಆ ಕ್ಷಣದಲ್ಲಿ ಅವಳಿಗೆ ಮಗುವಿನ ಮುಖ ಕಾಣಲಿಲ್ಲ. ಕಂಡದ್ದು ಕೋಕಾ ಕಷಾಯದ ಬಟ್ಟಲು, ಅದನ್ನು ನೀಡುತ್ತಿದ್ದ ಕೈ. ಆ ಕೈಯ ಮೇಲಿನ ಸಿಟ್ಟಿನಲ್ಲಿ ಅವಳು ಕತ್ತರಿ ಒತ್ತಿದಳು.

ಒಂದು ಎಳೆ. ಇನ್ನೊಂದು. ಮತ್ತೊಂದು. ಮುಖವಾಡದೊಳಗಿನ ಉಸಿರು ನಕ್ಕಿತು. ಮಗು ಕೆಮ್ಮುತ್ತಿತ್ತು. ಕೊನೆಯ ಎಳೆ. ಕಟ್.

ಕಾಲು ನಿಂತಿತು. ಕೆಮ್ಮೂ ನಿಂತಿತು.

ಆಮೇಲೆ ಎದ್ದ ಹಸಿಂತಾಳ ಚೀರಾಟಕ್ಕೆ ಬೀದಿಯೇ ಅಂಗಡಿಯೊಳಗೆ ನುಗ್ಗಿತು.

ಅಗುಳಿ ತೆಗೆದವನು ದೋನ್ ಸೆವೆರೋ. ನೆಲದ ಮೇಲೆ ಕೂತಿದ್ದ ಮಾಗಲಿಯ ಮುಖವಾಡ ಬಿಚ್ಚಿದ. ಅವಳ ಸೊಂಟದಿಂದ ಇಳಿಯುತ್ತಿದ್ದ ರಕ್ತ ನೋಡಿದ, ಚೂರಾದ ಕರಿನೂಲು ನೋಡಿದ.

"ಎಲ್ಲಾ ಕತ್ತರಿಸ್ದ್ಯಾ ಮಗಳೇ?"

"ಎಲ್ಲಾ."

ಮುದುಕ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಅಲ್ಲೇ ಕುಸಿದು ಕೂತ.

ಆ ಊರಿನಲ್ಲಿ ಮಗು ತೀರಿಕೊಂಡರೆ ಅದಕ್ಕೆ ಬಿಳಿ ಅಂಗಿ ತೊಡಿಸಿ, ಬೆನ್ನಿಗೆ ರೆಕ್ಕೆ ಕಟ್ಟಿ, ದೇವದೂತನನ್ನಾಗಿ ಕಳಿಸುತ್ತಾರೆ. ಅದನ್ನು ಹೊಲಿಯಬೇಕಾದವಳು ಧರ್ಮತಾಯಿ. ಬೀದಿಯ ಹೆಂಗಸರಿಗೆ ಬಾಗಿಲಿನ ಒಳಗೂ ಹೊರಗೂ ಆಡಿದ ಮಾತು ಗೊತ್ತಿರಲಿಲ್ಲ. "ಎಲ್ಲಿ ಧರ್ಮತಾಯಿ? ಪಾಪ, ಆಘಾತಕ್ಕೆ ಹಾಗೇ ಕೂತುಬಿಟ್ಟಿದ್ದಾಳೆ. ಎಬ್ಬಿಸಿ," ಎಂದು ಅವರೇ ಅವಳ ಗಾಯಕ್ಕೆ ಬಟ್ಟೆ ಸುತ್ತಿ, ತೋಳು ಹಿಡಿದು ತಂದು ಮಂಚದ ಬಳಿ ಕೂರಿಸಿದರು. ಹೂ ತರಲೆಂದು ಹೊರಗೆ ಹೋದರು.

ಹಸಿಂತಾ ಬಿಳಿ ಸ್ಯಾಟಿನ್ ತಂದು ಮಾಗಲಿಯ ಮಡಿಲಲ್ಲಿಟ್ಟಳು. ಅವಳ ಹಣೆ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಬೀದಿಯಲ್ಲಿ ಕಾರ್ನಿವಲ್ಲಿನ ತಾಲೀಮು ಶುರುವಾಗಿ, ತುತ್ತೂರಿಗಳ ಅಬ್ಬರಕ್ಕೆ ಕಿಟಕಿಯ ಗಾಜು ಅದುರುತ್ತಿತ್ತು. ಇಬ್ಬರ ನಡುವೆ ಮಗು ಮಲಗಿತ್ತು, ಕೆನ್ನೆಯಲ್ಲಿ ಈಚೆಗೆ ಬಂದಿದ್ದ ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ.

ಮಾಗಲಿ ತಲೆ ಎತ್ತಲಿಲ್ಲ.

"ನನ್ನ ಕೇಳ್ಬೋದಿತ್ತು," ಎಂದಳು. "ಒಂದು ಮಾತು ಕೇಳಿದ್ರೆ ನನ್ನ ಜೀವ ನಾನೇ ಕೊಡ್ತಿದ್ದೆನೋ ಏನೋ."

ಹಸಿಂತಾ ಅವಳತ್ತ ನೋಡಿದಳು. ಆ ನೋಟದಲ್ಲಿ ದ್ವೇಷ ಇರಲಿಲ್ಲ. ಇದ್ದಿದ್ದರೆ ಮಾಗಲಿಗೆ ಸಹಿಸುವುದು ಸುಲಭವಾಗುತ್ತಿತ್ತು.

"ಕೊಡ್ತಿದ್ಯಾ ಕೊಮಾದ್ರೆ?"

ತುತ್ತೂರಿಗಳು ಬೀದಿಯ ತುದಿಗೆ ಸರಿದವು. ಮಾಗಲಿ ಟೇಪು ಬಿಚ್ಚಿ ಮಗುವಿನ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಿಡಿದಳು. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ, ಟೇಪಿನ ಆ ತುದಿಯನ್ನು ಹಸಿಂತಾಳೇ ಹಿಡಿದುಕೊಳ್ಳಬೇಕಾಯಿತು.