ಗೆರೆಯ ನೀಲಿ ಬಾಲ

"ನಿಮ್ಮ ಯಂತ್ರ ನನ್ನ ಮರ್ಯಾದೆ ಕಳೀತು ರೀ!"

ವರ್ಕ್‌ಶಾಪಿನ ಬಾಗಿಲಲ್ಲಿ ದೂರದರ್ಶಕದಲ್ಲಿ ಆಕಾಶ ನೋಡುವ ಸಂಶೋಧಕಿ ನಿಂತಿದ್ದಳು. ಒಳಗಿದ್ದ ಫಿಟ್ಟರ್ ತಲೆ ಎತ್ತಿದ. ಕೂದಲೆಳೆಯಷ್ಟು ಸಡಿಲವನ್ನೂ ಸಹಿಸದ ಅವನಿಗೆ ಎಲ್ಲರೂ ಇಟ್ಟ ಹೆಸರು ಮಿಲಿಮೀಟರ್. ಆಕಾಶದ ಬೆಳಕನ್ನು ಬಿಡಿಸಿ ಗೆರೆಗಳಾಗಿ ತೋರಿಸುವ ಯಂತ್ರವೆಂದರೆ ಅವನು ಸಾಕಿದ ಕೂಸು.

ಅವಳು ಕಾಗದ ಚಾಚಿದಳು. ಎರಡು ಗ್ಯಾಲಕ್ಸಿಗಳು ಒಂದರೊಳಗೊಂದು ಬೆರೆಯುತ್ತಿದ್ದ ಜಾಗದ ಬೆಳಕು. ಗೆರೆಯ ನೀಲಿ ಬದಿಗೆ ಉದ್ದನೆಯ ಬಾಲ.

"ಮೂರು ವರ್ಷದ ಕೆಲಸ. ಈ ಬಾಲ ಯಂತ್ರದ ದೋಷ ಅಂತಾರೆ ನಮ್ಮ ಸರ್. ಹನ್ನೊಂದಕ್ಕೆ ಮೀಟಿಂಗ್. ಎಲ್ಲಾ ಕೈಬಿಡ್ಬೇಕಂತೆ."

ಕೆಲಸ ಬಲ್ಲವನಿಗೆ ಸಿಟ್ಟು ಮೊದಲು ಕಿವಿಗೆ ಏರುತ್ತದೆ. ಮಿಲಿಮೀಟರನ ಕಿವಿ ಕೆಂಪಾಯಿತು.

"ನಾನು ಬಿಗಿ ಮಾಡಿದ ಸ್ಕ್ರೂ ಸುಳ್ಳು ಹೇಳಲ್ಲ ಮೇಡಂ."

"ಜಂಬ ಸಾಕು. ತೋರ್ಸಿ."

ಅವನು ಪರೀಕ್ಷೆಯ ದೀಪ ಹಚ್ಚಿದ. ಯಂತ್ರ ಕೆಟ್ಟಿದ್ದರೆ ದೀಪದ ಗೆರೆಗೂ ಬಾಲ ಬರಲೇಬೇಕು. ಇಬ್ಬರೂ ಒಂದೇ ಪರದೆಗೆ ಬಾಗಿದರು. ಅವಳ ಮುಂಗುರುಳು ಅವನ ಭುಜಕ್ಕೆ ತಾಕಿತು. ಯಾರೂ ಸರಿಯಲಿಲ್ಲ.

ಗೆರೆ ಮೂಡಿತು. ಸೂಜಿಯಂತೆ ಸಪೂರ.

"ಹಾಗಾದ್ರೆ ಬಾಲ ಆಕಾಶದ್ದೇ!" ಅವಳು ತನ್ನ ಕಾಗದವನ್ನು ಪರದೆಯ ಪಕ್ಕಕ್ಕೆ ಹಿಡಿದಳು.

"ಯಾರದಪ್ಪಾ ಅಷ್ಟುದ್ದ ಬಾಲ?"

"ಗ್ಯಾಲಕ್ಸಿಗಳು ಬೆರೆತಾಗ ಗ್ಯಾಸೆಲ್ಲ ನಡುವಿನ ಕಪ್ಪುಕುಳಿ ಕಡೆ ನುಗ್ಗುತ್ತೆ. ಕುಳಿಯ ಸುತ್ತ ಅದೆಷ್ಟು ಕಾವು ಅಂದ್ರೆ, ಮಿಕ್ಕ ಗ್ಯಾಸನ್ನ ಆಚೆಗೆ ದಬ್ಬಿಬಿಡುತ್ತೆ. ಸೆಕೆಂಡಿಗೆ ಸಾವಿರ ಕಿಲೋಮೀಟರ್! ನಮ್ಮ ಕಡೆ ಓಡಿ ಬರೋ ಗ್ಯಾಸಿನ ಬೆಳಕು ನೀಲಿ ಕಡೆಗೆ ಸರಿಯುತ್ತೆ. ಅದೇ ಈ ಬಾಲ."

"ಊಟಕ್ಕೆ ಕರೆದು ಕತ್ತು ಹಿಡಿದು ದಬ್ಬೋ ಯಜಮಾನ ಅನ್ನಿ."

ಅವಳು ನಕ್ಕಳು. ನಗು ನಿಂತ ಮೇಲೂ ಕಣ್ಣು ಅವನ ಮುಖದ ಮೇಲೇ ಇತ್ತು.

ಮೀಟಿಂಗಿನಲ್ಲಿ ಸರ್ ಹುಬ್ಬೇರಿಸಿದರು. "ಯಂತ್ರ ಸರಿಯಿದೆ ಅಂತ ಯಾರಮ್ಮಾ ಹೇಳಿದ್ದು?"

ಅವಳು ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟಳು. ಹಿಂದಿನ ಸಾಲಿನಲ್ಲಿ ಎಣ್ಣೆಗೈ ಮುಚ್ಚಿಟ್ಟು ಕೂತಿದ್ದ ಮಿಲಿಮೀಟರನನ್ನು ತೋರಿಸಿದಳು. "ಇವರು. ಮೊದಲು ಇವರ ಗೆರೆ ನೋಡಿ ಸರ್, ಆಮೇಲೆ ನನ್ನದು."

ಸರ್ ಕನ್ನಡಕ ಏರಿಸಿಕೊಂಡು ಎರಡನ್ನೂ ಹೋಲಿಸಿ ನೋಡಿದರು. "ತಪ್ಪು ನನ್ನದಮ್ಮಾ. ಪೇಪರ್ ಬರಿ. ಇವರ ಹೆಸರೂ ಹಾಕು."

ಹೊರಗೆ ಮೆಟ್ಟಿಲ ಮೇಲೆ ಅವನು ಮೆಲ್ಲಗೆ ಬಾಯಿಬಿಟ್ಟ. "ದೂರದರ್ಶಕದಲ್ಲಿ ನಿಮ್ಮ ಸರದಿ ಇದ್ದಾಗೆಲ್ಲ ಸ್ಕ್ರೂಗಳನ್ನ ಎರಡೆರಡು ಸಲ ನೋಡ್ತಿದ್ದೆ. ಎರಡು ವರ್ಷದಿಂದ."

"ಗೊತ್ತು. ನನ್ನ ಗೆರೆ ಒಂದು ದಿನವೂ ಅಲುಗಾಡಿಲ್ಲ." ಅವಳು ಫೋನ್ ತೆಗೆದಳು.

"ಯಾರಿಗೆ? ಗ್ಯಾಸಿನ ಸುದ್ದಿ ಹೇಳೋಕಾ?"

"ಅಮ್ಮನಿಗೆ. ಸುದ್ದಿ ಬೇರೆ." ಅವಳು ಅವನ ಎಣ್ಣೆಗೈಯನ್ನು ಗಟ್ಟಿಯಾಗಿ ಹಿಡಿದು, ಎಲ್ಲರೂ ನೋಡುವಂತೆ ತಲೆ ಎತ್ತಿ ನಿಂತಳು.

"ಅಮ್ಮಾ, ಕೂತ್ಕೊಂಡಿದ್ದೀಯಾ ತಾನೇ?"